ಅಂತರಿಕ್ಷದ ಹಳೆಯ ಸಾಮಾನು

1957ನೆಯ ಇಸವಿಯ ಅಕ್ಟೋಬರ್ 4ರಂದು ಸೋವಿಯತ್ ದೇಶವು ಸ್ಪುಟ್ನಿಕ್ ಎಂಬ ಮೊದಲನೆಯ ಕೃತಕ ಉಪಗ್ರಹವನ್ನು ಹಾರಿಸಿತು. ಮುಂದಿನ ಕೆಲವು ವಾರಗಳ ಕಾಲ ನಾನಾ ದೇಶಗಳ ಜನರು ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಮನೆಯಿಂದ ಹೊರಗೆ ಬಂದು ನಿಂತು, ನಕ್ಷತ್ರಗಳ ನಡುವೆ ಸರಿದುಹೋಗುವ ಬೆಳಕಿನ ಚುಕ್ಕೆಯೊಂದನ್ನು ಕಂಡು ಬೆರಗಾದರು. ಆದರೆ ಅವರಲ್ಲಿ ಬಹುಮಂದಿ ಕಂಡುದು ಸ್ಪುಟ್ನಿಕ್ಕನ್ನಲ್ಲ. 58 ಸೆಂಟಿಮೀಟರ್ ವ್ಯಾಸದ, 83.6 ಕಿಲೋಗ್ರಾಂ ತೂಕದ ಆ ಗೋಳವು ಬರಿಗಣ್ಣಿಗೆ ಕಾಣುವುದು ಬಲು ಕಷ್ಟವಾಗಿತ್ತು. ಅವರು ಕಂಡುದು, ಅದನ್ನು ಹೊತ್ತು ಮೇಲಕ್ಕೊಯ್ದು, ಕೆಲಸ ಮುಗಿದ ಬಳಿಕ ತಾನೂ ಭೂಮಿಯನ್ನು ಸುತ್ತತೊಡಗಿದ್ದ ರಾಕೆಟ್ಟಿನ ಬರಿದಾದ ಒಡಲನ್ನು.

ಹೀಗೆ ಅಂತರಿಕ್ಷಯುಗದ ಮೊದಲ ದಿನವೇ, ಬೇಕಾದ ವಸ್ತುವಿನ ಜೊತೆಯಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ ಬೇಡದ ವಸ್ತುವೊಂದು ಆಕಾಶವನ್ನು ಸೇರಿತು. ಆ ರಾಕೆಟ್ಟಿನ ಒಡಲು ಎರಡು ತಿಂಗಳೊಳಗೆ ವಾಯುಮಂಡಲಕ್ಕೆ ಇಳಿದು ಉರಿದುಹೋಯಿತು. ಆದರೆ ಎಲ್ಲವೂ ಹಾಗೆ ಬೇಗ ಬೀಳುವುದಿಲ್ಲ. 1958ರ ಮಾರ್ಚಿಯಲ್ಲಿ ಅಮೆರಿಕವು ಹಾರಿಸಿದ ವ್ಯಾನ್‌ಗಾರ್ಡ್ ಎಂಬ ಪುಟ್ಟ ಉಪಗ್ರಹವು ಎಂದೋ ಮೌನವಾದರೂ ಇನ್ನೂ ಸುತ್ತುತ್ತಲೇ ಇದೆ. ಐರೋಪ್ಯ ಅಂತರಿಕ್ಷ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೆಲದಿಂದ ಕಣ್ಣಿಟ್ಟು ಲೆಕ್ಕವಿಟ್ಟಿರುವ ವಸ್ತುಗಳು ಸುಮಾರು 40,000. ಅವುಗಳಲ್ಲಿ ಕೆಲಸಮಾಡುತ್ತಿರುವ ಉಪಗ್ರಹಗಳು ಸುಮಾರು 11,000 ಮಾತ್ರ. ಉಳಿದವೆಲ್ಲ ಸತ್ತ ಉಪಗ್ರಹಗಳು, ಬರಿದಾದ ರಾಕೆಟ್ ಹಂತಗಳು, ಮತ್ತು ಅವು ಒಡೆದು ಆದ ಚೂರುಗಳು.

ಹಳೆಯದನ್ನು ಸುಮ್ಮನೆ ಎಸೆಯುವುದು ನಮ್ಮ ಮನೆಗಳ ವಾಡಿಕೆಯಲ್ಲ. ಹರಿದ ಸೀರೆ ಕೌದಿಯಾಗುವುದು. ಒಡೆದ ಗಡಿಗೆಯಲ್ಲಿ ತುಳಸಿ ಬೆಳೆಯುವುದು. ಹೀಗಿರುವಲ್ಲಿ, ಅಷ್ಟು ಹಣವನ್ನೂ ಶ್ರಮವನ್ನೂ ವೆಚ್ಚಮಾಡಿ ಮೇಲಕ್ಕೆ ಒಯ್ದ ಸಾಮಗ್ರಿಯನ್ನು ಮತ್ತೆ ಏಕೆ ಬಳಸಬಾರದು ಎಂಬ ಪ್ರಶ್ನೆ ಯಾರಿಗಾದರೂ ಹುಟ್ಟುವುದು ಸಹಜವೇ. ಈ ಪ್ರಶ್ನೆಗೆ ಉತ್ತರವು ಒಂದು ಕಡೆ ಭೌತಶಾಸ್ತ್ರದಲ್ಲಿದೆ. ಇನ್ನೊಂದು ಕಡೆ ಕಳೆದ ನಾಲ್ಕು ದಶಕಗಳಲ್ಲಿ ನಡೆದ ಕೆಲವು ಪ್ರಯತ್ನಗಳಲ್ಲಿದೆ. ಎರಡನ್ನೂ ಕ್ರಮವಾಗಿ ನೋಡೋಣ.

ಕಕ್ಷೆಯಲ್ಲಿರುವ ಒಂದು ಕಿಲೋಗ್ರಾಮಿನ ಬೆಲೆ

ನೆಲದಿಂದ 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಇಪ್ಪತ್ತು ಸೆಕೆಂಡುಗಳಲ್ಲಿ ತಲಪಿಸಬಲ್ಲ ವೇಗವಿದು. ಒಂದು ಕಿಲೋಗ್ರಾಂ ವಸ್ತುವಿಗೆ ಈ ವೇಗವನ್ನು ಕೊಡಲು ಬೇಕಾದ ಚಲನಶಕ್ತಿಯನ್ನೂ, ಅದನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿಯನ್ನೂ ಕೂಡಿಸಿದರೆ ಸುಮಾರು 330 ಲಕ್ಷ ಜೌಲುಗಳಾಗುವುವು. ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ ಇದು ಒಂಬತ್ತು ಯೂನಿಟ್ ವಿದ್ಯುತ್ತು. ಸಾಧಾರಣ ಸಂಸಾರವೊಂದು ಎರಡು ಮೂರು ದಿನಗಳಲ್ಲಿ ಬಳಸುವಷ್ಟು.

ಇಷ್ಟೇ ಆದರೆ ಅಂತರಿಕ್ಷಯಾನವು ಇಷ್ಟು ದುಬಾರಿ ಏಕಾಗಬೇಕು? ಕಾರಣವಿಷ್ಟೆ: ರಾಕೆಟ್ಟಿಗೆ ದಾರಿಯಲ್ಲಿ ಇಂಧನ ಸಿಕ್ಕುವುದಿಲ್ಲ. ತನಗೆ ಬೇಕಾದುದೆಲ್ಲವನ್ನೂ ಅದು ತಾನೇ ಹೊರಬೇಕು, ಹೊತ್ತ ಇಂಧನವನ್ನು ಮೇಲೆತ್ತಲು ಮತ್ತಷ್ಟು ಇಂಧನ ಬೇಕು, ಅದನ್ನೆತ್ತಲು ಇನ್ನಷ್ಟು. ನಮ್ಮ ದೇಶದ ಪಿ.ಎಸ್.ಎಲ್.ವಿ. ರಾಕೆಟ್ಟನ್ನೇ ತೆಗೆದುಕೊಳ್ಳಿ. ಹೊರಡುವಾಗ ಅದರ ತೂಕ ಸುಮಾರು 320 ಟನ್. 600 ಕಿಲೋಮೀಟರ್ ಎತ್ತರದ ಧ್ರುವೀಯ ಕಕ್ಷೆಗೆ ಅದು ಸೇರಿಸುವ ಭಾರ ಸುಮಾರು ಒಂದೂಮುಕ್ಕಾಲು ಟನ್. ಎಂದರೆ ಕಕ್ಷೆ ಸೇರಿದ ಒಂದೊಂದು ಕಿಲೋಗ್ರಾಮಿಗೂ ನೆಲದಿಂದ ಹೊರಟದ್ದು 180 ಕಿಲೋಗ್ರಾಂ!

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಉಪಗ್ರಹದೊಡನೆ ರಾಕೆಟ್ಟಿನ ಕೊನೆಯ ಹಂತವೂ ಅದೇ ವೇಗವನ್ನು ಪಡೆದು ಅದೇ ಕಕ್ಷೆಯನ್ನು ಸೇರುತ್ತದೆ. ಉಪಗ್ರಹಕ್ಕೆ ತೆತ್ತ ಬೆಲೆಯನ್ನೇ ಈ ಖಾಲಿ ಡಬ್ಬಿಗೂ ತೆತ್ತಂತಾಯಿತು. ಅದರ ಲೋಹವನ್ನು ನೆಲದ ಮೇಲೆ ಗುಜರಿಯವನಿಗೆ ಮಾರಿದರೆ ಬರುವ ಹಣ ಅಲ್ಪ. ಮೇಲೆ ಅದಕ್ಕಿರುವ ಬೆಲೆ ಲೋಹದ ಬೆಲೆಯಲ್ಲ. ಅದು ಪಡೆದಿರುವ ವೇಗದ ಬೆಲೆ.

ದಾರಿ ಬೇರೆಯಾದರೆ ಆಗುವ ತೊಡಕು

ಹಾಗಾದರೆ ಬಲೆ ಹಿಡಿದು ಹೋಗಿ ಆ ಸಾಮಾನನ್ನೆಲ್ಲ ಬಾಚಿಕೊಂಡು ಬರಬಹುದಲ್ಲ ಎನ್ನಿಸಬಹುದು. ಆಗದು. ವೇಗಕ್ಕೆ ಪ್ರಮಾಣವಿರುವಂತೆ ದಿಕ್ಕೂ ಇರುವುದಷ್ಟೆ. ತೊಡಕೆಲ್ಲ ಈ ದಿಕ್ಕಿನಲ್ಲಿದೆ.

ಒಂದೇ ಅಳತೆಯ ಎರಡು ಬಳೆಗಳನ್ನು ಓರೆಯಾಗಿ ಒಂದರೊಳಗೊಂದು ಸಿಕ್ಕಿಸಿ ಹಿಡಿಯಿರಿ. ಅವೆರಡೂ ಎರಡು ಕಡೆಗಳಲ್ಲಿ ಮಾತ್ರ ಒಂದನ್ನೊಂದು ದಾಟುವುವು. ಒಂದೊಂದು ಬಳೆಯ ಮೇಲೂ ಒಂದೊಂದು ಇರುವೆ ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಎರಡೂ ಒಂದೇ ವೇಗದಲ್ಲಿ ಓಡುತ್ತಿದ್ದರೂ, ದಾಟುವೆಡೆಯಲ್ಲಿ ಒಂದು ಇನ್ನೊಂದರ ಎದುರು ಅಡ್ಡಲಾಗಿ ನುಗ್ಗಿ ಹೋಗುವುದೇ ಹೊರತು ಜೊತೆಗೂಡಿ ನಡೆಯುವುದಿಲ್ಲ. ಜೊತೆಗೂಡಬೇಕಾದರೆ ಒಂದು ಇರುವೆ ತನ್ನ ದಿಕ್ಕನ್ನೇ ತಿರುಗಿಸಿ ಇನ್ನೊಂದರ ಬಳೆಗೆ ಬರಬೇಕು. ನೆಲದ ಮೇಲೆ ಓಡುವ ಬಂಡಿಗೆ ತಿರುಗುವುದು ಸುಲಭ. ರಸ್ತೆಯ ಘರ್ಷಣೆ ಅದಕ್ಕೆ ನೆರವಾಗುವುದು. ಅಂತರಿಕ್ಷದಲ್ಲಿ ಒರಗಿಕೊಳ್ಳಲು ಏನೂ ಇಲ್ಲ. ತಿರುಗಬೇಕಾದರೆ ಇಂಧನವನ್ನೇ ಸುಡಬೇಕು.

ಎಷ್ಟು ಸುಡಬೇಕು? 400 ಕಿಲೋಮೀಟರ್ ಎತ್ತರದಲ್ಲಿ ಕಕ್ಷೆಯನ್ನು ಒಂದೇ ಒಂದು ಡಿಗ್ರಿಯಷ್ಟು ಓರೆಮಾಡಲು ಸೆಕೆಂಡಿಗೆ 134 ಮೀಟರುಗಳಷ್ಟು ವೇಗವ್ಯತ್ಯಾಸ ಬೇಕು. ಹತ್ತು ಡಿಗ್ರಿಗೆ 1.3 ಕಿಲೋಮೀಟರ್. ಅರುವತ್ತು ಡಿಗ್ರಿಗೆ ಕಕ್ಷೆಯ ಇಡೀ ವೇಗದಷ್ಟೇ ಬೇಕು. ಅದಕ್ಕಿಂತ ನೆಲದಿಂದ ಹೊಸದೊಂದನ್ನು ಹಾರಿಸುವುದೇ ಮೇಲು.

ಹಬಲ್ ದೂರದರ್ಶಕವನ್ನು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಬಳಿಗೆ ಎಳೆದೊಯ್ದು ಅಲ್ಲಿಯೇ ರಿಪೇರಿ ಮಾಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಮಭಾಜಕ ವೃತ್ತಕ್ಕೆ ಹಬಲಿನ ಕಕ್ಷೆ 28.5 ಡಿಗ್ರಿ ಓರೆ. ನಿಲ್ದಾಣದ ಕಕ್ಷೆ 51.6 ಡಿಗ್ರಿ ಓರೆ. ಅಂತರ 23 ಡಿಗ್ರಿ. ಇದನ್ನು ಸರಿಪಡಿಸಲು ಸೆಕೆಂಡಿಗೆ ಕಡಮೆಯೆಂದರೂ 3 ಕಿಲೋಮೀಟರ್ ವೇಗವ್ಯತ್ಯಾಸ ಬೇಕು. ಇಂದಿನ ಸಾಧಾರಣ ಎಂಜಿನ್ನುಗಳಲ್ಲಿ ಇದಕ್ಕೆ ತಗಲುವ ಇಂಧನವು ಹನ್ನೊಂದು ಟನ್ ತೂಕದ ಆ ದೂರದರ್ಶಕದ ಒಂದೂವರೆ ಪಟ್ಟಿಗಿಂತಲೂ ಹೆಚ್ಚು. ಎಳೆಯುವ ನೌಕೆಯ ಭಾರ ಬೇರೆ. ಎರಡೂ ನಮ್ಮ ತಲೆಯ ಮೇಲೆ ಐದಾರು ನೂರು ಕಿಲೋಮೀಟರುಗಳೊಳಗೇ ಇವೆ. ಆದರೂ ಅವುಗಳ ನಡುವಣ ದಾರಿ ಅಷ್ಟು ದೂರ.

ಆದುದರಿಂದ ಹಳೆಯ ಸಾಮಾನಿನ ಮರುಬಳಕೆಗೆ ಮೊದಲನೆಯ ನಿಯಮವಿದು: ಅದರ ದಾರಿಯೂ ನಮ್ಮ ದಾರಿಯೂ ಒಂದೇ ಆಗಿರಬೇಕು.

ದಾರಿ ಕೂಡಿಬಂದಾಗ

ದಾರಿ ಕೂಡಿಬಂದ ಉದಾಹರಣೆಗಳೂ ಇವೆ. 1986ರಲ್ಲಿ ಸೋವಿಯತ್ ದೇಶಕ್ಕೆ ಎರಡು ನಿಲ್ದಾಣಗಳಿದ್ದುವು. ಹಳೆಯ ಸಲ್ಯೂತ್-7, ಹೊಸದಾಗಿ ಹಾರಿಸಿದ ಮೀರ್. ಎರಡರ ಕಕ್ಷೆಗಳೂ ಒಂದೇ ಓರೆಯಲ್ಲಿದ್ದುವು. ಆ ವರ್ಷದ ಮೇ ತಿಂಗಳಲ್ಲಿ ಕಿಜಿಮ್ ಮತ್ತು ಸೊಲೊವ್ಯೋವ್ ಎಂಬ ಇಬ್ಬರು ಯಾತ್ರಿಕರು ಮೀರ್‌ನಿಂದ ಹೊರಟು, ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ಸಲ್ಯೂತನ್ನು ಸೇರಿ, ಅಲ್ಲಿ ಏಳು ವಾರಗಳಿದ್ದು, ಬಳಕೆಗೆ ಬರುವ ಸುಮಾರು 20 ಉಪಕರಣಗಳನ್ನು ಹೊತ್ತುಕೊಂಡು ಮೀರ್‌ಗೆ ಮರಳಿದರು. ಹಳೆಯ ಮನೆಯ ಸಾಮಾನನ್ನು ಹೊಸ ಮನೆಗೆ ಸಾಗಿಸಿದ ಹಾಗೆ! ಒಂದೇ ಪ್ರಯಾಣದಲ್ಲಿ ಎರಡು ನಿಲ್ದಾಣಗಳಲ್ಲಿ ವಾಸಮಾಡಿ ಬಂದ ಮೊದಲಿಗರು ಅವರೇ.

ಇದಕ್ಕೂ ಮುಂಚೆ, 1984ರ ನವೆಂಬರಿನಲ್ಲಿ, ಅಮೆರಿಕದ ಡಿಸ್ಕವರಿ ನೌಕೆಯು ದಾರಿ ತಪ್ಪಿದ ಎರಡು ಉಪಗ್ರಹಗಳನ್ನು ಹಿಡಿದು ನೆಲಕ್ಕೆ ತಂದಿತು. ಪಲಪಾ ಮತ್ತು ವೆಸ್ಟಾರ್ ಎಂಬ ಇವು ಅದೇ ವರ್ಷದ ಫೆಬ್ರವರಿಯಲ್ಲಿ ಮೇಲೇರಿ, ತಮ್ಮ ಎಂಜಿನ್ನು ಸರಿಯಾಗಿ ಉರಿಯದೆ ತಗ್ಗಿನ ಕಕ್ಷೆಯಲ್ಲಿಯೇ ಉಳಿದಿದ್ದುವು. ಅವುಗಳಿಗೆ ಹಿಡಿಕೆಯಿರಲಿಲ್ಲ, ಹಿಡಿಯಲು ಯಾರಾದರೂ ಬಂದಾರೆಂದು ಕಟ್ಟಿದವರು ಎಣಿಸಿರಲೂ ಇಲ್ಲ. ಯಾತ್ರಿಕರು ಉದ್ದನೆಯ ದಂಡವೊಂದನ್ನು ಉಪಗ್ರಹದ ಎಂಜಿನ್ನಿನ ಆಲಿಕೆಯಂಥ ಬಾಯಿಯೊಳಗೆ ತೂರಿಸಿ, ಅದನ್ನು ಒಳಗೆ ಬಿಗಿಮಾಡಿ, ಆ ಮೂಲಕ ಉಪಗ್ರಹವನ್ನು ನಿಲ್ಲಿಸಿದರು. ನೆಲದ ಮೇಲೆ ದುರಸ್ತಿಯಾದ ಅವೆರಡೂ 1990ರ ಏಪ್ರಿಲಿನಲ್ಲಿ ಮತ್ತೆ ಹಾರಿದುವು. ವೆಸ್ಟಾರ್ ಮಾತ್ರ ಒಡೆಯನನ್ನೂ ಹೆಸರನ್ನೂ ಬದಲಿಸಿಕೊಂಡು, ಏಷ್ಯಾಸ್ಯಾಟ್ ಎಂಬ ಹೆಸರಿನಿಂದ ಚೀನಾದ ರಾಕೆಟ್ಟಿನ ಮೇಲೆ ಹೊರಟಿತು.

ಮೂವತ್ತೈದು ವರ್ಷಗಳ ಬಳಿಕ ಅದೇ ಉಪಾಯವು ಇನ್ನೊಂದು ರೂಪದಲ್ಲಿ ಕೈಗೂಡಿತು. ದೂರಸಂಪರ್ಕದ ದೊಡ್ಡ ಉಪಗ್ರಹಗಳು ಸಮಭಾಜಕ ವೃತ್ತದ ನೇರಕ್ಕೆ, ನೆಲದಿಂದ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ, ಒಂದೇ ಬಳೆಯ ಮೇಲೆ ಪೋಣಿಸಿದ ಮಣಿಗಳಂತೆ ಸಾಗುತ್ತವೆ. ಇಲ್ಲಿ ದಿಕ್ಕಿನ ತೊಡಕಿಲ್ಲ. ಇಂಟೆಲ್‌ಸ್ಯಾಟ್-901 ಎಂಬುದು 2001ರಿಂದ ಅಲ್ಲಿ ಕೆಲಸಮಾಡುತ್ತಿತ್ತು. ಅದರ ರೇಡಿಯೋ ಯಂತ್ರಗಳು ಚೆನ್ನಾಗಿಯೇ ಇದ್ದುವು. ಮುಗಿಯುತ್ತ ಬಂದದ್ದು ತನ್ನ ಜಾಗದಲ್ಲಿ ನೆಲೆನಿಲ್ಲಲು ಬೇಕಾದ ಇಂಧನ ಮಾತ್ರ. ಎಣ್ಣೆ ತೀರಿತೆಂದು ದೀಪವನ್ನೇ ಎಸೆಯುವಂಥ ಪರಿಸ್ಥಿತಿ. 2020ರ ಫೆಬ್ರವರಿ 25ರಂದು ಎಂ.ಇ.ವಿ.-1 ಎಂಬ ಸಹಾಯಕ ನೌಕೆಯು ಹಿಂದಿನಿಂದ ಬಂದು, ಅದರ ಎಂಜಿನ್ನಿನ ಬಾಯಿಯೊಳಗೆ ಕೊಂಡಿಯನ್ನು ತೂರಿಸಿ, ಮೂಗುದಾರ ಹಾಕಿದ ಎತ್ತಿನಂತೆ ಅದನ್ನು ಹಿಡಿದುಕೊಂಡಿತು. ಮುಂದೆ ಐದು ವರ್ಷ ಆ ಜೋಡಿ ಒಂದೇ ನೌಕೆಯಂತೆ ದುಡಿಯಿತು. 2025ರ ಏಪ್ರಿಲಿನಲ್ಲಿ ಹಳೆಯ ಉಪಗ್ರಹವನ್ನು ಎತ್ತರದ ನಿವೃತ್ತಿಕಕ್ಷೆಯಲ್ಲಿ ಬಿಟ್ಟು ಸಹಾಯಕ ನೌಕೆಯು ಬೇರೆ ಕೆಲಸಕ್ಕೆ ಹೊರಟಿತು.

ಬರಿಯ ಲೋಹ ಸಾಲದು

ದಾರಿಯೊಂದೇ ಕೂಡಿಬಂದರೆ ಸಾಲದೆಂಬುದಕ್ಕೂ ನಿದರ್ಶನಗಳಿವೆ. ಅಮೆರಿಕದ ಷಟಲ್ ನೌಕೆಗಳು 1981ರಿಂದ 2011ರವರೆಗೆ 135 ಬಾರಿ ಹೊರಟುವು. ಪ್ರತಿಯೊಂದಕ್ಕೂ ಹೊರಬದಿಯಲ್ಲಿ ಇಂಧನದ ದೊಡ್ಡ ತೊಟ್ಟಿಯೊಂದನ್ನು ಜೋಡಿಸುತ್ತಿದ್ದರು. ಕಕ್ಷೆಯ ವೇಗಕ್ಕೆ ಇನ್ನೇನು ಸ್ವಲ್ಪವೇ ಉಳಿಯಿತೆನ್ನುವಾಗ ಖಾಲಿ ತೊಟ್ಟಿಯನ್ನು ಕಳಚಿ ಕಡಲ ಕಡೆಗೆ ಬೀಳಿಸುವುದು ವಾಡಿಕೆಯಾಗಿತ್ತು. ಖಾಲಿ ತೊಟ್ಟಿಯ ತೂಕ 26ರಿಂದ 35 ಟನ್. ಅವನ್ನು ಮೇಲೆಯೇ ಉಳಿಸಿಕೊಂಡು ಮನೆಗಳನ್ನಾಗಿ ಮಾಡಬೇಕೆಂದು ಅನೇಕರು ಸೂಚಿಸಿದರು, ಒಂದೂ ನಡೆಯಲಿಲ್ಲ. ಖಾಲಿ ತೊಟ್ಟಿಗೂ ಮನೆಗೂ ನಡುವೆ ಬಾಗಿಲು, ಬೆಳಕು, ಗಾಳಿ, ತಂತಿ, ಶಾಖದ ಏರ್ಪಾಡು ಎಲ್ಲವೂ ಇವೆ. ಇವನ್ನು ಅಂತರಿಕ್ಷದಲ್ಲಿ ಕೈಗವಸು ತೊಟ್ಟು ಜೋಡಿಸುವುದಕ್ಕಿಂತ ನೆಲದ ಕಾರ್ಖಾನೆಯಲ್ಲಿ ಜೋಡಿಸುವುದು ಎಷ್ಟೋ ಸುಲಭ. 1973ರಲ್ಲಿ ಹಾರಿದ ಸ್ಕೈಲ್ಯಾಬ್ ನಿಲ್ದಾಣದ ಕಥೆಯೂ ಇದೇ. ಉರಿದು ಬರಿದಾದ ರಾಕೆಟ್ ಹಂತದೊಳಗೆ ಯಾತ್ರಿಕರು ಹೊಕ್ಕು ಅದನ್ನು ಪ್ರಯೋಗಶಾಲೆಯಾಗಿ ಮಾಡಿಕೊಳ್ಳಬೇಕೆಂದು ಮೊದಲು ಯೋಚಿಸಿದ್ದರು. 1969ರಲ್ಲಿ ಅದನ್ನು ಕೈಬಿಟ್ಟು, ಅದೇ ಬಗೆಯ ಹಂತವನ್ನು ಇಂಧನ ತುಂಬದೆ ನೆಲದ ಮೇಲೆಯೇ ಸಜ್ಜುಗೊಳಿಸಿ ಕಳುಹಿಸಿದರು.

ಮೌನ ಮುರಿದ ನೌಕೆಗಳು

ಮುಟ್ಟದೆಯೇ ಮರಳಿ ಬಳಸಿದ ನೌಕೆಗಳೂ ಉಂಟು. ಹವ್ಯಾಸಿ ರೇಡಿಯೋ ಬಳಗದವರು ಕಟ್ಟಿದ ಆಸ್ಕರ್-7 ಎಂಬ ಸಣ್ಣ ಉಪಗ್ರಹವು 1974ರ ನವೆಂಬರ್ 15ರಂದು ಹಾರಿತು. 1981ರಲ್ಲಿ ಅದರ ಬ್ಯಾಟರಿ ಕೆಟ್ಟು ಉಪಗ್ರಹವು ಮೂಕವಾಯಿತು. ಎಲ್ಲರೂ ಅದನ್ನು ಮರೆತರು. 2002ರ ಜೂನ್ 21ರಂದು, ಇಪ್ಪತ್ತೊಂದು ವರ್ಷಗಳ ಮೇಲೆ, ಅದರ ದನಿ ಇದ್ದಕ್ಕಿದ್ದಂತೆ ಕೇಳಿಸಿತು!

ಇದರಲ್ಲಿ ಪವಾಡವೇನೂ ಇಲ್ಲ. ಬ್ಯಾಟರಿ ಕೆಟ್ಟಾಗ ಒಳಗೆ ಶಾರ್ಟ್ ಸರ್ಕಿಟ್ ಆಗಿತ್ತು. ಸೌರಫಲಕಗಳಿಂದ ಬರುವ ವಿದ್ಯುತ್ತೆಲ್ಲವೂ ತಡೆಯಿಲ್ಲದ ಆ ಅಡ್ಡದಾರಿಯಲ್ಲಿ ಹರಿದು ವ್ಯರ್ಥವಾಗುತ್ತಿತ್ತು. ಕಾಲಾಂತರದಲ್ಲಿ ಆ ಸಂಪರ್ಕವೂ ಕಡಿದುಹೋಯಿತು. ಅಡ್ಡದಾರಿ ಮುಚ್ಚಿದೊಡನೆ ವಿದ್ಯುತ್ತು ನೇರವಾಗಿ ರೇಡಿಯೋಗೆ ಹರಿಯಿತು. ಅಂದಿನಿಂದ ಬಿಸಿಲಿದ್ದಾಗ ಮಾತನಾಡುವುದು, ಭೂಮಿಯ ನೆರಳು ಹೊಕ್ಕಾಗ ಸುಮ್ಮನಾಗುವುದು ಅದರ ಕ್ರಮವಾಯಿತು. ಒಂದು ಕೇಡು ಮಾಡಿದ ಹಾನಿಯನ್ನು ಇನ್ನೊಂದು ಕೇಡು ಸರಿಪಡಿಸಿತು. ಹವ್ಯಾಸಿಗಳು ವರ್ಷಗಟ್ಟಲೆ ಅದರ ಮೂಲಕ ಖಂಡಾಂತರದ ಮಾತುಕತೆ ನಡೆಸಿದರು.

ಇದಕ್ಕಿಂತ ದೊಡ್ಡ ಪಾಠವನ್ನು ಕಲಿಸಿದ್ದು ಐ.ಎಸ್.ಇ.ಇ.-3 ಎಂಬ ನೌಕೆ. 1978ರ ಆಗಸ್ಟ್ 12ರಂದು ಹಾರಿದ ಇದು, ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಸಮತೋಲದ ಬಿಂದುವಿನ ಸುತ್ತ ನೆಲೆನಿಂತು, ಸೂರ್ಯನಿಂದ ಬೀಸುವ ಕಣಗಳ ಗಾಳಿಯನ್ನು ಅಳೆಯಿತು. ಅಂಥ ಸ್ಥಾನದಲ್ಲಿ ನಿಂತ ನೌಕೆಗಳಲ್ಲಿ ಇದೇ ಮೊದಲನೆಯದು. ಆ ಕೆಲಸ ಮುಗಿದ ಮೇಲೆ ರಾಬರ್ಟ್ ಫರ್ಕ್ವಾರ್ ಎಂಬ ಕಕ್ಷಾಗಣಿತಜ್ಞನು ಅದಕ್ಕೆ ಎರಡನೆಯ ಕೆಲಸವನ್ನು ಹುಡುಕಿದನು. ಚಂದ್ರನ ಗುರುತ್ವವನ್ನೇ ಕವಣೆಯಂತೆ ಬಳಸಿ, ಐದು ಸಲ ಚಂದ್ರನ ಬಳಿ ಸುಳಿಸಿ, ಕೊನೆಯ ಸಲ ಅದರ ನೆಲದಿಂದ ಸುಮಾರು 120 ಕಿಲೋಮೀಟರ್ ಮೇಲೆ ಹಾಯಿಸಿ, ನೌಕೆಯನ್ನು ಧೂಮಕೇತುವಿನ ಕಡೆಗೆ ಎಸೆದನು. 1985ರ ಸೆಪ್ಟೆಂಬರ್ 11ರಂದು ಅದು ಜಿಯಾಕೊಬಿನಿ-ಜಿನ್ನರ್ ಧೂಮಕೇತುವಿನ ಬಾಲವನ್ನು ತೂರಿಹೋಯಿತು. ಧೂಮಕೇತುವೊಂದನ್ನು ಸಂದರ್ಶಿಸಿದ ಮೊದಲ ನೌಕೆಯೆಂಬ ಕೀರ್ತಿಯೂ, ಬೇರೊಂದು ಕೆಲಸಕ್ಕಾಗಿ ಕಟ್ಟಿದ್ದ ಈ ಹಳೆಯ ನೌಕೆಗೇ ಸಂದಿತು.

ಅಲ್ಲಿಂದ ಮುಂದೆ ಅದು ಭೂಮಿಗಿಂತ ತುಸು ಬೇಗನೆ ಸೂರ್ಯನನ್ನು ಸುತ್ತುತ್ತ ಹೋಯಿತು. ವೃತ್ತಾಕಾರದ ಓಟದ ಬಯಲಿನಲ್ಲಿ ವೇಗದ ಓಟಗಾರನು ನಿಧಾನದವನನ್ನು ಒಂದು ಸುತ್ತು ಮುಂದಾಗಿ ಬಂದು ಹಿಂದಿನಿಂದ ಸೇರುವಂತೆ, ಅದು 2014ರ ಆಗಸ್ಟಿನಲ್ಲಿ ಭೂಮಿಯ ಬಳಿಗೆ ಮರಳಬೇಕಾಗಿತ್ತು. 1997ರಲ್ಲಿ ಅದರ ಕಾರ್ಯಾಚರಣೆಯನ್ನು ನಿಲ್ಲಿಸಿದ್ದರೂ, 2008ರಲ್ಲಿ ಕಿವಿಗೊಟ್ಟಾಗ ಅದರ ರೇಡಿಯೋ ಇನ್ನೂ ಉಲಿಯುತ್ತಿತ್ತು.

ನೌಕೆ ಬದುಕಿತ್ತು, ಅದರೊಡನೆ ಮಾತನಾಡುವ ಸಾಧನಗಳು ಭೂಮಿಯ ಮೇಲೆ ಉಳಿದಿರಲಿಲ್ಲ. ಅದಕ್ಕೆ ಆಜ್ಞೆ ಕಳುಹಿಸುತ್ತಿದ್ದ ಯಂತ್ರಗಳನ್ನು ಎಂದೋ ಕಳಚಿಹಾಕಿದ್ದರು. ಆಗ ಸರ್ಕಾರದ ಹೊರಗಿನ ಎಂಜಿನಿಯರುಗಳ ಗುಂಪೊಂದು ಸಾರ್ವಜನಿಕರಿಂದ ಹಣ ಕೂಡಿಸಿ, ನಾಸಾ ಸಂಸ್ಥೆಯ ಒಪ್ಪಿಗೆ ಪಡೆದು ಮುಂದೆ ಬಂದಿತು. ಅದರ ಕಾರ್ಯಾಲಯವೂ ಒಂದು ಮರುಬಳಕೆಯೇ: ನಾಸಾದ ಏಮ್ಸ್ ಕೇಂದ್ರದ ಆವರಣದಲ್ಲಿ ಮುಚ್ಚಿಹೋಗಿದ್ದ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರಗೃಹ. ಗುಂಪಿನವರು ಹಳೆಯ ಕಾಗದಪತ್ರಗಳನ್ನು ಹುಡುಕಿ, ಮರೆತುಹೋದ ಆಜ್ಞೆಗಳನ್ನು ಓದಿ ತಿಳಿದು, ಕಳೆದುಹೋದ ಯಂತ್ರಗಳ ಕೆಲಸವನ್ನು ಗಣಕಯಂತ್ರದಿಂದ ಮಾಡಿಸಿದರು. 2014ರ ಮೇ 29ರಂದು, ಅರೆಸಿಬೋದಲ್ಲಿದ್ದ 305 ಮೀಟರ್ ವ್ಯಾಸದ ರೇಡಿಯೋ ದೂರದರ್ಶಕದ ಮೂಲಕ ಕಳುಹಿಸಿದ ಆಜ್ಞೆಗೆ ನೌಕೆಯು ಓಗೊಟ್ಟಿತು. ಜುಲೈ 2ರಂದು ಅದರ ಸಣ್ಣ ಎಂಜಿನ್ನುಗಳೂ ಉರಿದುವು.

ಆದರೆ ಜುಲೈ 8ರಂದು ನೌಕೆಯ ದಾರಿಯನ್ನೇ ತಿರುಗಿಸಲು ಯತ್ನಿಸಿದಾಗ ಎಂಜಿನ್ನು ಕೈಕೊಟ್ಟಿತು. ತೊಟ್ಟಿಯಲ್ಲಿ ಇಂಧನವಿತ್ತು, ಇಂಧನವನ್ನು ಹೊರಗೆ ಒತ್ತಬೇಕಾದ ಸಾರಜನಕ ಅನಿಲ ಮಾತ್ರ ಸೋರಿಹೋಗಿತ್ತೆಂದು ತಿಳಿದವರು ನಿರ್ಣಯಿಸಿದರು. ಪಂಪು ಒತ್ತದ ಸ್ಟೌವಿನಲ್ಲಿ ಸೀಮೆಎಣ್ಣೆ ಎಷ್ಟಿದ್ದರೇನು, ಅದು ಮೇಲೇರಿ ಉರಿಯುವುದೆ? ಆಗಸ್ಟ್ 10ರಂದು ನೌಕೆಯು ಚಂದ್ರನನ್ನು ದಾಟಿ ಸೂರ್ಯನ ಸುತ್ತಲಿನ ತನ್ನ ದೀರ್ಘಯಾತ್ರೆಗೆ ಮರಳಿತು. ಸೆಪ್ಟೆಂಬರ್ 16ರ ಬಳಿಕ ಅದರ ದನಿ ಕೇಳಿಬರಲಿಲ್ಲ.

ಈ ಪ್ರಯತ್ನವನ್ನು ಸೋಲೆನ್ನಬೇಕೆ? ನೌಕೆಯ ಮಟ್ಟಿಗೆ ಸೋಲಿರಬಹುದು. ಆದರೆ ಯಂತ್ರವನ್ನು ತೊರೆಯುವಾಗ ನಾವು ಅದರ ವಿದ್ಯೆಯನ್ನೂ ತೊರೆಯುತ್ತೇವೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಅಂತರಿಕ್ಷದ ನಿರ್ವಾತದಲ್ಲಿ ಮೂವತ್ತಾರು ವರ್ಷ ಬಾಳಿದ ನೌಕೆಗಿಂತ ನೆಲದ ಮೇಲಿನ ನಮ್ಮ ನೆನಪೇ ಬೇಗ ಅಳಿಯಿತು.

ಒಡೆದ ಹಂತದಿಂದ ಪ್ರಯೋಗಶಾಲೆಗೆ

ಈಗ ನಮ್ಮ ದೇಶದ ಕಡೆಗೆ ತಿರುಗೋಣ. 2001ರ ಅಕ್ಟೋಬರಿನಲ್ಲಿ ಒಂದು ಪಿ.ಎಸ್.ಎಲ್.ವಿ. ರಾಕೆಟ್ ಮೂರು ಉಪಗ್ರಹಗಳನ್ನು ಯಶಸ್ವಿಯಾಗಿ ಕಕ್ಷೆಗೆ ಸೇರಿಸಿತು. ಬರಿದಾದ ಅದರ ನಾಲ್ಕನೆಯ ಹಂತವೂ ಎಂದಿನಂತೆ ಅಲ್ಲಿಯೇ ಸುತ್ತುತ್ತ ಉಳಿಯಿತು. ಆ ಡಿಸೆಂಬರ್ 19ರಂದು ಅದು ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರುಗಳಾಯಿತು.

ಇಂಥ ಸ್ಫೋಟಗಳಿಗೆ ಸಾಮಾನ್ಯವಾಗಿ ಕಾರಣವಾಗುವುದು ತಳದಲ್ಲಿ ಉಳಿದ ಇಂಧನ. ನಾಲ್ಕನೆಯ ಹಂತದಲ್ಲಿ ಬಳಸುವ ಎರಡು ದ್ರವಗಳು ಒಂದನ್ನೊಂದು ಮುಟ್ಟಿದೊಡನೆ ತಾವಾಗಿಯೇ ಹೊತ್ತಿಕೊಳ್ಳುವಂಥವು. ಕಕ್ಷೆಯಲ್ಲಿ ಒಂದೂವರೆ ಗಂಟೆಗೊಮ್ಮೆ ಬಿಸಿಲು, ಒಮ್ಮೆ ನೆರಳು. ತೊಟ್ಟಿ ಕಾಯುವುದು, ತಣಿಯುವುದು, ಒಳಗಿನ ಒತ್ತಡ ಏರಿಳಿಯುವುದು. ಎಲ್ಲಿಯೋ ಒಂದು ಬಿರುಕು ಬಿಟ್ಟರೆ ಸಾಕು. ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ವೇಗದ ಚೂರು ಗೋಲಿಯಷ್ಟೇ ಇದ್ದರೂ ಕೆಲಸಮಾಡುತ್ತಿರುವ ಉಪಗ್ರಹವನ್ನು ಕೆಡಿಸಬಲ್ಲುದು. ಆ ಘಟನೆಯಿಂದ ಈಚೆಗೆ, ಕೆಲಸ ಮುಗಿದೊಡನೆ ಉಳಿದ ಇಂಧನವನ್ನು ಹೊರಚೆಲ್ಲಿ ಹಂತವನ್ನು ನಿರಪಾಯಗೊಳಿಸುವ ಪದ್ಧತಿಯನ್ನು ಇಸ್ರೋ ಅನುಸರಿಸುತ್ತ ಬಂದಿತು.

ಮುಂದಿನ ಹೆಜ್ಜೆ ಸ್ವಾರಸ್ಯವಾದುದು. ಹೇಗಿದ್ದರೂ ಕಕ್ಷೆಗೆ ಹೋಗುವ ಈ ಹಂತವನ್ನೇ ಪ್ರಯೋಗಪೀಠವನ್ನಾಗಿ ಏಕೆ ಮಾಡಬಾರದು? 2019ರಲ್ಲಿ ಎರಡು ಸಲ ಇದನ್ನು ಪರೀಕ್ಷಿಸಿದರು. ಆದರೆ ಹಿಡಿತವಿಲ್ಲದ ಹಂತವು ಪಲ್ಟಿ ಹೊಡೆಯುತ್ತ ಸುತ್ತುವುದು. ಸೌರಫಲಕವು ಸೂರ್ಯನ ಕಡೆಗೂ ಆಂಟೆನಾ ಭೂಮಿಯ ಕಡೆಗೂ ನಿಲ್ಲುವುದಿಲ್ಲ. 2022ರ ಜೂನ್ 30ರಂದು ಹಾರಿದ ಪಿ.ಎಸ್.ಎಲ್.ವಿ. ಸಿ-53ರಲ್ಲಿ ಈ ಕೊರತೆ ನೀಗಿತು. ತೊಟ್ಟಿಯ ಸುತ್ತ ಸೌರಫಲಕಗಳನ್ನು ಸುತ್ತಿ, ಬ್ಯಾಟರಿಯನ್ನಿಟ್ಟು, ಸೂರ್ಯನನ್ನೂ ಭೂಮಿಯ ಕಾಂತಕ್ಷೇತ್ರವನ್ನೂ ಗುರುತಿಸುವ ಉಪಕರಣಗಳನ್ನು ಜೋಡಿಸಿ, ಹೀಲಿಯಂ ಅನಿಲವನ್ನು ಚಿಮ್ಮಿಸಿ ಹಂತವನ್ನು ಸ್ಥಿರವಾಗಿ ನಿಲ್ಲಿಸಿದರು. ಇದಕ್ಕೆ ಪೋಯೆಮ್ ಎಂಬ ಹೆಸರಾಯಿತು. ಮೊದಲನೆಯದರಲ್ಲಿ ಆರು ಪ್ರಯೋಗಗಳಿದ್ದುವು.

2024ರ ಜನವರಿ 1ರಂದು ಹೊರಟ ಮೂರನೆಯ ಪೋಯೆಮ್‌ನಲ್ಲಿ ಹಂತವನ್ನು 650 ಕಿಲೋಮೀಟರ್ ಎತ್ತರದಿಂದ 350 ಕಿಲೋಮೀಟರಿಗೆ ಇಳಿಸಿದರು. ಅಲ್ಲಿ ವಿರಳವಾದ ಗಾಳಿಯ ತಡೆ ಸ್ವಲ್ಪ ಹೆಚ್ಚು. ಕೆಲಸ ಮುಗಿಸಿದ ಹಂತವು 80 ದಿನಗಳಲ್ಲಿ, ಮಾರ್ಚಿ 21ರಂದು, ವಾಯುಮಂಡಲಕ್ಕೆ ಇಳಿದು ಇಲ್ಲವಾಯಿತು. ಮೇಲಿನ ಕಕ್ಷೆಯಲ್ಲಿಯೇ ಬಿಟ್ಟಿದ್ದರೆ ಅದು ವರ್ಷಗಟ್ಟಲೆ ಉಳಿದು ಉಳಿದವರ ದಾರಿಗೆ ಅಡ್ಡವಾಗುತ್ತಿತ್ತು.

2024ರ ಡಿಸೆಂಬರ್ 30ರ ನಾಲ್ಕನೆಯ ಪೋಯೆಮ್ 24 ಪ್ರಯೋಗಗಳನ್ನು ಹೊತ್ತಿತ್ತು. ನಡೆದಾಡಬಲ್ಲ ಯಂತ್ರದ ತೋಳೊಂದನ್ನು ಅದರ ಮೇಲೆ ಪರೀಕ್ಷಿಸಿದರು. ಪುಟ್ಟ ಪೆಟ್ಟಿಗೆಯೊಂದರಲ್ಲಿ ಇಟ್ಟಿದ್ದ ಎಂಟು ಅಲಸಂದೆ ಬೀಜಗಳು ನಾಲ್ಕು ದಿನಗಳಲ್ಲಿ ಮೊಳೆತು, ಮುಂದೆ ಎಲೆಯನ್ನೂ ಬಿಟ್ಟುವು. ಪ್ರಯೋಗ ಕಳುಹಿಸಿದವರಲ್ಲಿ ನಮ್ಮ ನಾಡಿನ ಕಾಲೇಜುಗಳೂ ಇದ್ದುವು: ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಒಂದನ್ನೂ, ಚಿಕ್ಕಬಳ್ಳಾಪುರದ ಎಸ್.ಜೆ.ಸಿ. ತಾಂತ್ರಿಕ ವಿದ್ಯಾಲಯವು ಹವ್ಯಾಸಿ ರೇಡಿಯೋಗಾಗಿ ಒಂದನ್ನೂ ಸಿದ್ಧಪಡಿಸಿದ್ದುವು. ತನ್ನದೇ ಉಪಗ್ರಹವನ್ನು ಕಟ್ಟಿ ಹಾರಿಸುವ ಶಕ್ತಿ ಕಾಲೇಜಿಗೆಲ್ಲಿಯದು? ಎಸೆಯಬೇಕಾಗಿದ್ದ ಹಂತವೇ ಅಂಥವರಿಗೆ ಜಗುಲಿಯಾಯಿತು. 2025ರ ಏಪ್ರಿಲ್ 4ರಂದು, 95 ದಿನಗಳ ಬಳಿಕ, ಅದೂ ಹಿಂದೂ ಮಹಾಸಾಗರದ ಮೇಲೆ ಇಳಿದುಹೋಯಿತು.

ಇಲ್ಲಿ ಹಳೆಯ ವಸ್ತುವನ್ನು ಹುಡುಕಿಕೊಂಡು ಯಾರೂ ಹೋಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಪ್ರಯೋಗವೂ ಹಂತವೂ ಒಟ್ಟಿಗೇ ಹೊರಟುದರಿಂದ ದಾರಿಯ ತೊಡಕೇ ಇಲ್ಲವಾಯಿತು. ವಿದ್ಯುತ್ತು, ಸ್ಥಿರತೆ, ರೇಡಿಯೋ ಈ ಮೂರನ್ನೂ ನೆಲದ ಮೇಲೆಯೇ ಒದಗಿಸಿದ್ದರು.

ಯಾರ ಸೊತ್ತು?

ಮರುಬಳಕೆಗೆ ಇನ್ನೊಂದು ಅಡ್ಡಿ ನ್ಯಾಯಶಾಸ್ತ್ರದ್ದು. ಕಡಲಿನಲ್ಲಿ ಅಪಾಯಕ್ಕೆ ಸಿಕ್ಕಿದ ಹಡಗನ್ನು ಉಳಿಸಿದವನಿಗೆ ಪ್ರತಿಫಲ ಸಲ್ಲಬೇಕೆಂಬ ಹಳೆಯ ನಿಯಮವಿದೆ. ಅಂತರಿಕ್ಷಕ್ಕೆ ಅಂಥ ನಿಯಮವಿಲ್ಲ. 1967ರ ಅಂತರಿಕ್ಷ ಒಪ್ಪಂದದ ಎಂಟನೆಯ ವಿಧಿಯಂತೆ, ಮೇಲೆ ಹೋದುದರಿಂದ ವಸ್ತುವಿನ ಒಡೆತನ ಬದಲಾಗುವುದಿಲ್ಲ. ಅದನ್ನು ನೋಂದಾಯಿಸಿಕೊಂಡ ದೇಶದ ಅಧಿಕಾರವೂ ಅಳಿಯುವುದಿಲ್ಲ. ಅದರಿಂದ ಇತರರಿಗೆ ನಷ್ಟವಾದರೆ ಹಾರಿಸಿದ ದೇಶವೇ ಹೊಣೆಯೆಂದು 1972ರ ಇನ್ನೊಂದು ಒಪ್ಪಂದ ಹೇಳುತ್ತದೆ. ಆದುದರಿಂದ ಆಕಾಶದಲ್ಲಿ ವಾರಸುದಾರರಿಲ್ಲದ ಸೊತ್ತೆಂಬುದಿಲ್ಲ. ಐ.ಎಸ್.ಇ.ಇ.-3ಕ್ಕೆ ಮಾತನಾಡಿಸಲು ಹೊರಟವರು ಮೊದಲು ಒಪ್ಪಿಗೆ ಪಡೆಯಬೇಕಾದುದು ಇದರಿಂದಲೇ.

ಅಂತರಿಕ್ಷದಲ್ಲಿ ಇದುವರೆಗೆ ಮನುಷ್ಯನು ಕಟ್ಟಿರುವ ವಸ್ತುಗಳಲ್ಲೆಲ್ಲ ದೊಡ್ಡದು ಅಂತರರಾಷ್ಟ್ರೀಯ ನಿಲ್ದಾಣ. ತೂಕ ಸುಮಾರು 420 ಟನ್. ಅದನ್ನು ಕೊನೆಗೆ ಕಡಲಿಗೆ ಇಳಿಸುವ ನೌಕೆಯನ್ನು ಕಟ್ಟಲು ನಾಸಾ 2024ರಲ್ಲಿ ಗುತ್ತಿಗೆ ಕೊಟ್ಟಿತು. ಅಷ್ಟು ದೊಡ್ಡ ಸಂಪತ್ತನ್ನು ನೀರುಪಾಲು ಮಾಡುವುದು ಮನಸ್ಸಿಗೆ ಒಗ್ಗುವ ಮಾತಲ್ಲ. ಆದರೆ ಕಳಚಿ ಬೇರೆಡೆ ಜೋಡಿಸಲೆಂದು ಅದನ್ನು ಕಟ್ಟಿರಲಿಲ್ಲ. ಸುಮ್ಮನೆ ಬಿಟ್ಟರೆ ಅದು ತಾನಾಗಿ ಎಲ್ಲಿಯೋ ಬೀಳುವುದು. ಕಟ್ಟುವಾಗ ಯೋಚಿಸದಿದ್ದುದನ್ನು ಕೆಡವುವಾಗ ಯೋಚಿಸಿ ಫಲವಿಲ್ಲ.

ಮೇಲೆ ಕಂಡ ಉದಾಹರಣೆಗಳೆಲ್ಲವೂ ಹೇಳುವುದು ಇದನ್ನೇ. ಪಲಪಾ, ವೆಸ್ಟಾರ್‌ಗಳನ್ನೂ ಇಂಟೆಲ್‌ಸ್ಯಾಟನ್ನೂ ಹಿಡಿಯಲು ಸಾಧ್ಯವಾದದ್ದು ಅವುಗಳ ಎಂಜಿನ್ನಿನ ಬಾಯಿ ಆಕಸ್ಮಿಕವಾಗಿ ಹಿಡಿಕೆಯಾಗಿ ಒದಗಿದ್ದರಿಂದ. ಆಸ್ಕರ್ ಮಾತನಾಡಿದ್ದು ಬ್ಯಾಟರಿ ಕೆಟ್ಟ ರೀತಿಯ ಅದೃಷ್ಟದಿಂದ. ಇವೆಲ್ಲ ಅನಿರೀಕ್ಷಿತ ಲಾಭಗಳು. ಪೋಯೆಮ್ ಒಂದೇ ಇವುಗಳಲ್ಲಿ ಮುಂಚಿತವಾಗಿ ಎಣಿಸಿ ಮಾಡಿದ ಕೆಲಸ. ಇನ್ನು ಮುಂದೆ ಹಾರುವ ಉಪಗ್ರಹಗಳಿಗೆ ಹಿಡಿಯಲೊಂದು ಹಿಡಿಕೆ, ಇಂಧನ ತುಂಬಲೊಂದು ಬಾಯಿ ಇದ್ದು, ಅವುಗಳ ವಿವರಗಳನ್ನು ಬರೆದ ಕಾಗದಗಳು ನೆಲದ ಮೇಲೆ ಜೋಪಾನವಾಗಿದ್ದರೆ, ಐವತ್ತು ವರ್ಷಗಳ ಮೇಲೆ ಬರುವ ಎಂಜಿನಿಯರನಿಗೆ ಅಷ್ಟೇ ದೊಡ್ಡ ಉಪಕಾರ. ಅದಕ್ಕೆ ತಗಲುವ ತೂಕ ಕೆಲವೇ ಕಿಲೋಗ್ರಾಂ. ಅದರ ಬೆಲೆಯನ್ನು ಇಂದು ನಾವು ತೆರಬೇಕು; ಫಲವನ್ನು ಮಾತ್ರ ನಮ್ಮ ಮಕ್ಕಳು ಉಣ್ಣುವರು. ಮಾವಿನ ಗಿಡ ನೆಟ್ಟವರೆಲ್ಲರೂ ಹೀಗೆಯೇ ಮಾಡಿದವರಲ್ಲವೆ?